ಬಾಣಂತಿಯ ಬಾಯಾರಿಕೆ

ಮಧ್ಯಾಹ್ನದ ಊಟ ಮುಗಿದು ಅಮ್ಮ ಪಾತ್ರೆ ತೊಳೆಯುವ ಹೊತ್ತೇ ಭವ್ಯಶ್ರೀಗೆ ದಿನದಲ್ಲೆಲ್ಲ ಕೆಟ್ಟ ಹೊತ್ತು. ಹಿತ್ತಿಲಿನ ನಲ್ಲಿಯಿಂದ ನೀರು ಬಕೆಟ್ಟಿಗೆ ಬೀಳುವ ಸದ್ದು ಗೋಡೆ ದಾಟಿ ಅವಳ ಕೋಣೆಗೆ ಬರುತ್ತಿತ್ತು. ಮೊದಲು ತಳಕ್ಕೆ ಬಡಿಯುವ ಸದ್ದು, ಆಮೇಲೆ ನೀರಿನ ಮೇಲೆ ನೀರು ಬೀಳುವ ದಪ್ಪ ಸದ್ದು, ಕೊನೆಗೆ ತುಂಬಿ ಚೆಲ್ಲುವ ಸದ್ದು. ಚೆಲ್ಲಿದ್ದು ಚಪ್ಪಡಿಕಲ್ಲಿನ ಮೇಲೆ ಹರಿದು ಬಾಳೆಗಿಡದ ಬುಡಕ್ಕೆ ಹೋಗುತ್ತದೆ. ಬಾಳೆಗಿಡಕ್ಕಿರುವ ಭಾಗ್ಯ ನನಗಿಲ್ಲವಲ್ಲ ಎಂದುಕೊಂಡಾಗ ಅವಳಿಗೆ ನಗು ಬಂತು. ನಕ್ಕಾಗ ಒಣಗಿದ ತುಟಿ ಎಳೆದು ಉರಿಯಿತು. ಪಕ್ಕದಲ್ಲಿ ಹೆಣ್ಣುಮಗು ಮಲಗಿತ್ತು, ಮುಷ್ಟಿ ಬಿಗಿಹಿಡಿದು, ಯಾರ ಮೇಲೋ ಸಿಟ್ಟಾದವರ ಹಾಗೆ. ಭವ್ಯಶ್ರೀಯ ಕಿವಿಯಲ್ಲಿ ಹತ್ತಿ, ತಲೆಗೆ ಬಟ್ಟೆ, ಹೊಟ್ಟೆಗೆ ಅಮ್ಮ ಬಿಗಿದು ಸುತ್ತಿದ ಹಳೇ ಸೀರೆ. ಹೊಳೆನರಸೀಪುರದ ಬಸ್‌ಸ್ಟ್ಯಾಂಡಿನ ಹಿಂದಿನ ರಸ್ತೆಯಲ್ಲಿ ಅವಳ ಆಯುರ್ವೇದ ಕ್ಲಿನಿಕ್ ಇತ್ತು. ಸುತ್ತಲ ಊರಿನವರು ಅಲ್ಲಿ ಅವಳೆದುರು ಕೂತು, ಏನು ತಿನ್ನಬೇಕು, ಏನು ಬಿಡಬೇಕು, ಎಷ್ಟು ಹೊತ್ತಿಗೆ ಮಲಗಬೇಕು ಎಂದು ಕೇಳಿಕೊಂಡು ಹೋಗುತ್ತಿದ್ದರು. ಅಂಥ ಡಾಕ್ಟರು ಈಗ ಕಟ್ಟಾಯದ ತವರುಮನೆಯಲ್ಲಿ ಒಂದು ಲೋಟ ನೀರಿಗಾಗಿ ತನ್ನ ಅಮ್ಮ ಯಾವಾಗ ದನದ ಕೊಟ್ಟಿಗೆಗೆ ಹೋಗುತ್ತಾಳೋ ಎಂದು ಕಾಯುತ್ತ ಮಲಗಿದ್ದಳು.

ಹಾಸನದ ಆಸ್ಪತ್ರೆಯಿಂದ ಕಾರಿನಲ್ಲಿ ಬಂದಿಳಿದ ದಿನವೇ ಸುಬ್ಬಮ್ಮ ಮಗಳಿಗೆ ಕಾನೂನು ಹೇಳಿ ಮುಗಿಸಿದ್ದಳು. ಬಿಸಿ ಅನ್ನ, ಮೆಣಸಿನ ಸಾರು, ತುಪ್ಪದಲ್ಲಿ ಹುರಿದ ಬೆಳ್ಳುಳ್ಳಿ, ಸಬ್ಬಸಿಗೆ ಸೊಪ್ಪು. ತರಕಾರಿ ಇಲ್ಲ, ಹಣ್ಣಿಲ್ಲ. ಊಟದ ಜೊತೆ ಅರ್ಧ ಲೋಟ ಬಿಸಿನೀರು, ಅದರ ಮೇಲೆ ತೊಟ್ಟೂ ಇಲ್ಲ. ನೀರು ಕುಡಿದರೆ ಹೊಟ್ಟೆ ಬರುತ್ತದೆ, ಹೊಲಿಗೆಗೆ ನಂಜಾಗುತ್ತದೆ, ಮಗುವಿಗೆ ಶೀತ ಹಿಡಿಯುತ್ತದೆ. ಭವ್ಯಶ್ರೀ ಸುಮ್ಮನೆ ಒಪ್ಪಿರಲಿಲ್ಲ. ಶಾಸ್ತ್ರದಲ್ಲಿ ಬಾಣಂತಿಗೆ ಮೊದಲು ಹೇಳಿರುವುದೇ ತೆಳ್ಳನೆ ಗಂಜಿ, ಬಾಯಾರಿದಾಗೆಲ್ಲ ಬಿಸಿನೀರು ಎಂದು ಬಿಡಿಸಿ ಹೇಳಿದ್ದಳು. ಸುಬ್ಬಮ್ಮ ಎಲ್ಲ ಕೇಳಿಸಿಕೊಂಡು, ಸೆರಗಿನಲ್ಲಿ ಕೈ ಒರೆಸಿಕೊಂಡು, ಒಂದೇ ಮಾತು ಅಂದಳು. "ನಮ್ಮ ಅಜ್ಜೀರು ಮಾಡಿದ್ದೆಲ್ಲ ಸರಿ ಅಂತ ಮೈಕ್‌ನಾಗೆ ಏಳ್ದೋಳು ನೀನೇ ಅಲ್ವೇನವ್ವ." ಚನ್ನರಾಯಪಟ್ಟಣದ ಮಹಿಳಾ ಸಮಾಜದ ಸಭಾಂಗಣದಲ್ಲಿ ಅವಳು ಹಾಗೇ ಹೇಳಿದ್ದು ನಿಜ. ಅಮ್ಮ ಮುಂದಿನ ಸಾಲಿನಲ್ಲಿ ರೇಷ್ಮೆ ಸೀರೆ ಉಟ್ಟು ಕೂತಿದ್ದಳು. ಮೆಣಸು ಜಠರಾಗ್ನಿಯನ್ನು ಎಬ್ಬಿಸುತ್ತದೆ, ಬೆಳ್ಳುಳ್ಳಿ ವಾತವನ್ನು ಇಳಿಸುತ್ತದೆ, ಸಬ್ಬಸಿಗೆ ಹಾಲು ಬರಿಸುತ್ತದೆ ಎಂದು ಒಂದೊಂದಾಗಿ ಹೇಳಿದಾಗ ಒಂದೊಂದಕ್ಕೂ ಚಪ್ಪಾಳೆ. ನೀರಿನ ವಿಷಯ ನಾಲಗೆಯ ತುದಿಯವರೆಗೆ ಬಂದಿತ್ತು. ಅಲ್ಲಿ ಕೂತಿದ್ದ ಹಿರಿಯ ಹೆಂಗಸರ ಅರಳಿದ ಮುಖ ನೋಡಿ, ಈ ಒಂದರಲ್ಲಿ ನೀವು ತಪ್ಪು ಎಂದು ಹೇಳಲು ಮನಸ್ಸಾಗಲಿಲ್ಲ. ಚಪ್ಪಾಳೆ ನಿಲ್ಲುತ್ತದಲ್ಲ ಎಂಬ ಹೆದರಿಕೆಯೂ ಇತ್ತು. ಅದನ್ನು ಅವಳು ಈಗ ಈ ಮಂಚದ ಮೇಲೆ ಮಲಗಿ ಒಪ್ಪಿಕೊಂಡಳು, ತನ್ನೊಳಗೇ, ಯಾರಿಗೂ ಕೇಳದ ಹಾಗೆ.

ಸೋತಿದ್ದೇನೂ ಇಲ್ಲ, ಬಿಟ್ಟುಕೊಟ್ಟಿದ್ದೇನೆ ಎಂದು ಅವಳು ಲೆಕ್ಕ ಹಾಕಿಕೊಂಡಿದ್ದಳು. ಬಿಟ್ಟುಕೊಡುವುದಕ್ಕೆ ಧೈರ್ಯ ಬೇಕು, ಅದು ತನಗಿದೆ. ತಾನು ಕಾಲೇಜು ಸೇರಿದ ಮೇಲೆ ಅಮ್ಮ ತನ್ನ ಸೊಪ್ಪುಸದೆ, ಕಷಾಯಗಳನ್ನೆಲ್ಲ ಒಂದೊಂದಾಗಿ ಮೂಲೆಗೆ ಸರಿಸಿ, ನೆಗಡಿಯಾದರೂ ಫೋನ್ ಮಾಡಿ ಕೇಳುವವಳಾಗಿದ್ದಳು. ಹಾಗೆ ಕೇಳುವಾಗ ಅವಳ ದನಿ ಕ್ಲಿನಿಕ್ಕಿನ ಬೆಂಚಿನ ಮೇಲೆ ಕೂತ ಬೇರೆ ಹೆಂಗಸರ ದನಿಯಷ್ಟೇ ಸಣ್ಣಗಿರುತ್ತಿತ್ತು. ಭವ್ಯಶ್ರೀಗೆ ಅದು ಹಿಡಿಸುತ್ತಲೂ ಇತ್ತು, ಚುಚ್ಚುತ್ತಲೂ ಇತ್ತು. ಈ ಬಾಣಂತನದಲ್ಲಿ ಮಾತ್ರ ಅಮ್ಮ ನೆಟ್ಟಗೆ ನಿಂತಿದ್ದಳು. ಬೆಳಗಿನ ಜಾವ ಎದ್ದು ಹಂಡೆಗೆ ಉರಿ ಹಾಕುವುದೇನು, ಹರಳೆಣ್ಣೆ ಬಿಸಿ ಮಾಡುವುದೇನು, ಸಾಂಬ್ರಾಣಿ ಕೆಂಡವನ್ನು ಮಂಚದ ಕೆಳಗಿಡುವುದೇನು; ಬಂದು ಹೋಗುವವರೆಲ್ಲ ಅವಳನ್ನೇ ಕೇಳುತ್ತಿದ್ದರು, ಡಾಕ್ಟರನ್ನಲ್ಲ. ಭಾನುವಾರ ಬರುವ ಗಂಡ ಹರ್ಷವರ್ಧನ್ ಕೂಡ ಮಗುವನ್ನು ಎತ್ತಿಕೊಳ್ಳಲು ಅತ್ತೆಯ ಅಪ್ಪಣೆ ಕೇಳುತ್ತಿದ್ದ. ಅಮ್ಮನಿಗೆ ಇಷ್ಟು ದಿನದ ರಾಜ್ಯಭಾರ ಇರಲಿ, ನನಗೇನು ನಷ್ಟ ಎಂದು ಭವ್ಯಶ್ರೀ ಸುಮ್ಮನಾಗಿದ್ದಳು. ಸುಮ್ಮನಾಗಿ, ಬಂದ ಮಾರನೇ ದಿನದಿಂದ ಕದ್ದು ನೀರು ಕುಡಿಯುತ್ತಿದ್ದಳು.

ಕೊಟ್ಟಿಗೆಯ ಬಾಗಿಲು ಕಿರುಗುಟ್ಟಿತು. ಅವಳು ಮೆಲ್ಲಗೆ ಎದ್ದಳು. ಅಷ್ಟರಲ್ಲಿ ಕಿಟಕಿಯ ಹೊರಗೆ ಕೆಮ್ಮು. ಆಚೆ ಬೀದಿಯ ರಾಮಣ್ಣ, ಕಿಟಕಿಗೆ ಬೆನ್ನು ತಿರುಗಿಸಿ ಮರ್ಯಾದೆಯಾಗಿ ನಿಂತು, ಬಾಣಂತಿಯನ್ನು ನೋಡದೆ ಅವಳಿಂದ ಔಷಧಿ ಕೇಳುವ ಉಪಾಯ ಕಂಡುಕೊಂಡಿದ್ದ. ಹೊಟ್ಟೆ ಉಬ್ಬರ, ಹುಳಿತೇಗು, ಎದೆ ಉರಿ ಎಂದ. ಎಷ್ಟು ಹೊತ್ತಿಗೆ ಊಟ ಎಂದು ಕೇಳಿದಳು. ಧಾರಾವಾಹಿಗಳು ಮುಗಿದ ಮೇಲೆ ಎಂದ. ಹಸಿವಾದಾಗ ಉಣ್ಣಬೇಕು, ಟೀವಿ ಬಿಡುವು ಕೊಟ್ಟಾಗ ಅಲ್ಲ ಎಂದು ಬೈದು, ರಾತ್ರಿಯೂಟ ಬೇಗ ಮುಗಿಸಲು, ಖಾರ ಕಡಿಮೆ ಮಾಡಲು, ಉಂಡ ಕೂಡಲೇ ಮಲಗದಿರಲು ಹೇಳಿದಳು. ಎದೆ ಉರಿ ಎಡಗೈಗೇನಾದರೂ ಇಳಿಯುತ್ತದೆಯೇ ಎಂದೂ ಕೇಳಿದಳು. ಇಳಿದರೆ ನನ್ನ ಹತ್ತಿರ ಬರಬೇಡ, ಸೀದಾ ಹಾಸನಕ್ಕೆ ಹೋಗು ಎಂದಳು. ಬೆಳಿಗ್ಗೆ ಎದ್ದಕೂಡಲೇ ಒಂದು ಚೊಂಬು ಉಗುರುಬೆಚ್ಚಗಿನ ನೀರು ಕುಡಿ ಎಂದಾಗ ಅವಳ ಗಂಟಲು ಅಂಟಿಕೊಂಡು ಮಾತು ಅರ್ಧಕ್ಕೆ ನಿಂತಿತು. ಚೊಂಬು ಎಂಬ ಮಾತೇ ನಾಲಗೆಗೆ ತಣ್ಣಗಿತ್ತು. ರಾಮಣ್ಣ ಆಗಲಿ ಡಾಕ್ಟ್ರವ್ವ ಎಂದು ಹೊರಟ. ಅವನ ಹೆಜ್ಜೆ ಸದ್ದು ಅಳಿಯುವವರೆಗೆ ಅವಳು ಗೋಡೆ ಹಿಡಿದು ನಿಂತಿದ್ದು, ಬಚ್ಚಲಮನೆಗೆ ನಡೆದಳು.

ಬಚ್ಚಲಲ್ಲಿ ಹಂಡೆಯ ಪಕ್ಕ, ಗೂಡಿನಲ್ಲಿ, ತಟ್ಟೆ ಮುಚ್ಚಿದ ಸ್ಟೀಲಿನ ಚೊಂಬು. ಒಳಗೆ ಕಾಯಿಸಿ ಆರಿಸಿದ ನೀರು. ಅವಳು ನಿಂತೇ ಕುಡಿದಳು, ಬಾಯಿಗೆ ಕಚ್ಚಿಕೊಂಡು, ಚಿಕ್ಕವಳಿದ್ದಾಗ ಅಮ್ಮ ಬೈಯುತ್ತಿದ್ದ ರೀತಿಯಲ್ಲೇ. ನೀರು ಗಂಟಲು ದಾಟಿ ಎದೆಯೊಳಗೆ ಇಳಿಯುವುದು ತಿಳಿಯುತ್ತಿತ್ತು. ಆ ಕ್ಷಣದಲ್ಲಿ ಅವಳಿಗೆ ಹೇಮಾವತಿ ಹೊಳೆ, ಕ್ಲಿನಿಕ್ಕಿನ ಮಣ್ಣಿನ ಹೂಜಿ, ಹಾಸನದ ಹಾಸ್ಟೆಲಿನಲ್ಲಿ ಪರೀಕ್ಷೆಯ ಬೆಳಿಗ್ಗೆ ಕುಡಿದ ನಲ್ಲಿನೀರು ಎಲ್ಲ ಒಟ್ಟಿಗೆ ನೆನಪಾದವು. ನೀರಿಗೆ ಜೀರಿಗೆಯ ವಾಸನೆ ಇತ್ತು. ಮಗುವಿನ ಸ್ನಾನಕ್ಕೆಂದು ಇಟ್ಟ ನೀರಿಗೆ ಜೀರಿಗೆ ಯಾಕೆ ಎಂದು ಅವಳು ಯಾವತ್ತೂ ಕೇಳಿಕೊಂಡಿರಲಿಲ್ಲ. ಕೇಳಿಕೊಂಡರೆ ಕುಡಿಯುವುದು ಕಷ್ಟವಾಗುತ್ತಿತ್ತು. ಬಾಯಿ ಒರೆಸಿಕೊಂಡು, ಹಂಡೆಯಿಂದ ಮೊಗೆದು ಚೊಂಬು ತುಂಬಿಸಿ, ತಟ್ಟೆ ಮುಚ್ಚಿ, ಕಳ್ಳಬೆಕ್ಕಿನ ಹಾಗೆ ವಾಪಸ್ಸು ಬಂದು ಮಲಗಿದಳು. ದೇಹ ತಣಿದಿತ್ತು, ಮುಖ ಮಾತ್ರ ಬಿಸಿಯಾಗಿತ್ತು. ಇಷ್ಟು ಓದಿ, ಇಷ್ಟು ಜನಕ್ಕೆ ಹೇಳಿ, ಕೊನೆಗೆ ಬಚ್ಚಲಲ್ಲಿ ನಿಂತು ನೀರು ಕುಡಿಯುವ ಗತಿ. ಆದರೂ ಯಾರಿಗೂ ಇದರಿಂದ ತೊಂದರೆಯಿಲ್ಲ ಎಂದು ಸಮಾಧಾನ ಹೇಳಿಕೊಂಡಳು. ಹಾಲು ಚೆನ್ನಾಗಿದೆ, ಮಗು ಬಟ್ಟೆ ಒದ್ದೆ ಮಾಡುತ್ತಿದೆ, ಅಮ್ಮ ಖುಷಿಯಾಗಿದ್ದಾಳೆ.

ಪುಟ್ಟತಾಯಮ್ಮ ಬಂದದ್ದು ಆಗ. ನಾಲ್ಕು ಮನೆ ಆಚೆಯ ದೊಡ್ಡಯ್ಯನ ಹೆಂಡತಿ. ಅವಳ ಮಗಳು ರಂಜಿತಾ ಅರಕಲಗೂಡಿನ ಕಡೆ ಹೊಗೆಸೊಪ್ಪು ಬೆಳೆಯುವವರ ಮನೆಗೆ ಸೊಸೆಯಾಗಿ ಹೋದವಳು. ಅವಳೂ ಹೆರಿಗೆಗೆಂದು ತವರಿಗೆ ಬಂದು, ಭವ್ಯಶ್ರೀಗಿಂತ ಸ್ವಲ್ಪ ದಿನ ತಡವಾಗಿ ಗಂಡುಮಗು ಹೆತ್ತಿದ್ದಳು. ಪುಟ್ಟತಾಯಮ್ಮ ಮಂಚದ ಕಾಲ ಬಳಿ ನೆಲದ ಮೇಲೆ ಕೂತು, ಮಗುವಿಗೆ ದೃಷ್ಟಿ ತೆಗೆದು ನೆಟಿಗೆ ಮುರಿದು, ಮಗಳಿಗೆ ಹಾಲು ಬತ್ತುತ್ತಿದೆ, ಒಂದು ಲೇಹ್ಯ ಬರೆದುಕೊಡು ಎಂದಳು. ಶತಾವರಿಯದು ಒಳ್ಳೆಯದಂತೆ, ಫೋನಿನಲ್ಲಿ ಯಾರೋ ಹೇಳುತ್ತಿದ್ದರು ಎಂದಳು. ಕೊಡೋಣ ಎಂದ ಭವ್ಯಶ್ರೀ, ಕ್ಲಿನಿಕ್ಕಿನ ಅಭ್ಯಾಸದಿಂದ, ಏನು ತಿನ್ನುತ್ತಾಳೆ, ಎಷ್ಟು ನೀರು ಕುಡಿಯುತ್ತಾಳೆ ಎಂದು ಕೇಳಿದಳು.

"ನೀರಾ? ತೊಟ್ಟೂ ಕೊಡಾಕಿಲ್ಲ ಕಣವ್ವ," ಎಂದಳು ಪುಟ್ಟತಾಯಮ್ಮ, ಹೆಮ್ಮೆಯಿಂದ. "ಮೊದ್ಲು ಅತ್ತುಬುಟ್ಳು. ನಾನೇ ಏಳ್ದೆ, ಡಾಕ್ಟ್ರವ್ವನೇ ಬಾಯ್ ಕಟ್ಕೊಂಡು ಮಲಗವ್ಳೆ, ನಿಂದೇನೇ ಅಂತ. ನಿಮ್ಮವ್ವ ಇಡೀ ಬೀದಿಗೇ ಏಳವ್ರೆ. ಆವತ್ತಿಂದ ನೀರು ಅನ್ನಾಕಿಲ್ಲ ನೋಡು."

ಭವ್ಯಶ್ರೀಗೆ ಒಮ್ಮೆಗೇ ಏನೂ ಅನಿಸಲಿಲ್ಲ. ಪುಟ್ಟತಾಯಮ್ಮನ ಮೂಗುತಿಯ ಕೆಂಪುಹರಳು ಬೆಳಕಿಗೆ ಹೊಳೆಯುವುದನ್ನು ನೋಡುತ್ತಿದ್ದಳು. ಆಮೇಲೆ ಅವಳ ಬಾಯಿ ತನ್ನಷ್ಟಕ್ಕೆ ಕೇಳುತ್ತ ಹೋಯಿತು. ಮೂತ್ರ ಹೇಗೆ ಹೋಗುತ್ತಿದೆ? ಉರಿ ಅಂತಾಳೆ, ಬಣ್ಣ ಕಡು ಹಳದಿ. ಜ್ವರ? ನಿನ್ನೆಯಿಂದ ಮೈ ಬೆಚ್ಚಗಿದೆ, ಹಾಲು ಕಟ್ಟಿಕೊಂಡಿರಬಹುದು. ತಲೆ ಸುತ್ತು? ಬೆಳಿಗ್ಗೆ ಬಚ್ಚಲಲ್ಲಿ ಕುಸಿದಿದ್ದಳು, ದೃಷ್ಟಿಯಾಗಿದೆ ಎಂದು ತಾಯತ ಕಟ್ಟಿಸಿದ್ದಾರೆ. ಮಗು? ಮೊದಲು ಜೋರಾಗಿ ಅಳುತ್ತಿತ್ತು, ಈಗ ಪಾಪ, ಬುದ್ಧಿ ಬಂದು ಸುಮ್ಮನೆ ಮಲಗಿರುತ್ತದೆ. ಬಟ್ಟೆಯೂ ಅಷ್ಟಾಗಿ ಒದ್ದೆಯಾಗುವುದಿಲ್ಲ. ಒಂದೊಂದು ಉತ್ತರಕ್ಕೂ ಭವ್ಯಶ್ರೀಯ ಹೊಟ್ಟೆಯೊಳಗೆ ಈಗ ತಾನೇ ಕುಡಿದ ನೀರು ಭಾರವಾಗುತ್ತಿತ್ತು. ಇವಳಿಗೆ ಏನು ಹೇಳಲಿ? ನೀರು ಕೊಡು ಎಂದರೆ, ನೀನು ಕುಡಿಯದೆ ನನ್ನ ಮಗಳಿಗೆ ಕುಡಿ ಅಂತೀಯಲ್ಲ ಎನ್ನುತ್ತಾಳೆ. ನಾನು ಯಾವ ಚೀಟಿ ಬರೆದರೂ ಈ ಬೀದಿ ಓದುವುದು ನನ್ನ ಲೋಟವನ್ನು. ಬಾಯಿ ತೆರೆಯದೆ, ಮಲಗಿದಲ್ಲೇ ಮಲಗಿ, ನಾನು ಔಷಧಿ ಕೊಟ್ಟುಬಿಟ್ಟಿದ್ದೇನೆ. ಅದನ್ನು ಅಲ್ಲೊಬ್ಬಳು ತಪ್ಪದೆ ತೆಗೆದುಕೊಳ್ಳುತ್ತಿದ್ದಾಳೆ. ಪುಟ್ಟತಾಯಮ್ಮನ ಕಡೆ ತಿರುಗಿ, ನೀನು ಮನೆಗೆ ನಡಿ, ದೊಡ್ಡಯ್ಯಣ್ಣನಿಗೆ ಹೇಳಿ ಆಟೋ ಕರೆಸಿಡು, ರಂಜಿತಾಳನ್ನೂ ಮಗುವನ್ನೂ ಈಗಲೇ ಹಾಸನದ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ನಾನು ಬರುತ್ತೇನೆ ಎಂದಳು. ಅವಳ ದನಿಗೆ ಹೆದರಿ ಪುಟ್ಟತಾಯಮ್ಮ ಲೇಹ್ಯದ ಮಾತು ಮರೆತು ಎದ್ದಳು.

ಸುಬ್ಬಮ್ಮ ಬಾಗಿಲಲ್ಲಿ ನಿಂತಿದ್ದಳು, ಕೈಯಲ್ಲಿ ಹಾಲಿನ ಪಾತ್ರೆ. ಎಷ್ಟು ಕೇಳಿಸಿಕೊಂಡಿದ್ದಳೋ. ಮಗಳು ತಲೆಯ ಬಟ್ಟೆ ಸರಿಮಾಡಿಕೊಂಡು ಚಪ್ಪಲಿ ಹುಡುಕುವುದನ್ನು ನೋಡಿ, ಬಾಣಂತಿ ಹೊಸಿಲು ದಾಟುವುದೇ, ಮೈಗೆ ಗಾಳಿ ಸೋಕುತ್ತದೆ, ಅವರೇ ಆಸ್ಪತ್ರೆಗೆ ಹೋಗುತ್ತಾರಲ್ಲ ಎಂದಳು. ಅವರ ಮನೆಗೇ ಹೋಗಿ ಅವರ ಮುಂದೆ ನಾನು ನೀರು ಕುಡಿಯಬೇಕು ಎಂದಳು ಭವ್ಯಶ್ರೀ. ಇಲ್ಲದಿದ್ದರೆ ಆಸ್ಪತ್ರೆಯವರು ಬರೆದುಕೊಟ್ಟರೂ ಮನೆಗೆ ಬಂದ ಮೇಲೆ ಕೊಡುವುದಿಲ್ಲ. ಮಗು ನಿದ್ದೆಯಲ್ಲಿ ಚೀಪುವ ಸದ್ದು ಮಾಡಿತು. ಭವ್ಯಶ್ರೀ ಅಮ್ಮನ ಮುಖ ನೋಡದೆ, ನಾನು ದಿನಾ ಕುಡಿಯುತ್ತಿದ್ದೇನೆ ಅಮ್ಮ ಎಂದಳು.

"ನಂಗೊತ್ತಿಲ್ವಾ," ಎಂದಳು ಸುಬ್ಬಮ್ಮ. "ಜೀರಿಗೆ ಆಕಿ ಕಾಯ್ಸಿ ಮಡಗ್ತಿದ್ದೋಳು ಇನ್ಯಾರು ಅನ್ಕೊಂಡಿದ್ದೆ?"

ಹಾಲಿನ ಪಾತ್ರೆಯನ್ನು ಗೂಡಿನಲ್ಲಿಟ್ಟು ಅವಳು ಮಂಚದ ಅಂಚಿಗೆ ಕೂತಳು. ಬಂದ ದಿನ ಮಗಳು ಶಾಸ್ತ್ರದ ಮಾತು ಹೇಳಿದ ಮೇಲೆ ಮನಸ್ಸು ತಡೆಯಲಿಲ್ಲವಂತೆ. ಆದರೆ ನಾಲ್ಕು ಜನರ ಎದುರಿಗೆ ತಾನಾಗಿ ನೀರು ಕೊಟ್ಟು, ನಾಳೆ ಕೂಸಿಗೆ ನೆಗಡಿಯಾದರೂ ಎಲ್ಲರೂ ತನ್ನನ್ನೇ ಅನ್ನುತ್ತಾರೆ. ಅದಕ್ಕೇ ಬಚ್ಚಲಲ್ಲಿ ಇಟ್ಟು ಕೊಟ್ಟಿಗೆಗೆ ಹೋಗುತ್ತಿದ್ದಳಂತೆ. ಕೊಟ್ಟಿಗೆಯಲ್ಲಿ ಆ ಹೊತ್ತಿಗೆ ಕೆಲಸವೇ ಇರುತ್ತಿರಲಿಲ್ಲ, ಸುಮ್ಮನೆ ಹಸುವಿನ ಪಕ್ಕ ನಿಂತಿದ್ದು ಬರುತ್ತಿದ್ದಳಂತೆ. ಭವ್ಯಶ್ರೀಗೆ ಅಳು ಬಂತು, ಅದರ ಹಿಂದೆಯೇ ಸಿಟ್ಟೂ ಬಂತು, ಅಮ್ಮನ ಮೇಲೋ ತನ್ನ ಮೇಲೋ ತಿಳಿಯಲಿಲ್ಲ. ತಾನು ಅಮ್ಮನಿಗೆ ಗೆಲುವು ಕೊಡುತ್ತಿದ್ದೇನೆಂದು ಬೀಗುತ್ತಿದ್ದರೆ ಅಮ್ಮ ತನಗೆ ನೀರು ಕೊಡುತ್ತಿದ್ದಳು. ಒಬ್ಬರ ಮಾನ ಒಬ್ಬರು ಕಾಯುತ್ತ, ಇಬ್ಬರೂ ಬೀದಿಯ ಮುಂದೆ ಸುಳ್ಳಿನ ಪಥ್ಯ ಮಾಡಿದ್ದರು. ನಿಜವಾದ ಪಥ್ಯ ಮಾಡಿದವಳು ನಾಲ್ಕು ಮನೆ ಆಚೆ ಮಲಗಿದ್ದಳು. "ಹೊರಡೋಣ ಅಮ್ಮ, ನೀನೂ ಬಾ," ಎಂದಳು. ಸುಬ್ಬಮ್ಮ ಎದ್ದು ಮಗುವನ್ನು ಶಾಲಿನಲ್ಲಿ ಸುತ್ತಿಕೊಂಡಳು. ಹೊಸಿಲ ಹತ್ತಿರ ನಿಂತು, ಕಿವಿಗೆ ಹತ್ತಿ ಸರಿಯಾಗಿ ಇಟ್ಟುಕೋ ಎಂದಷ್ಟೇ ಹೇಳಿದಳು.

ಬೀದಿಯ ಬೆಳಕು ಕಣ್ಣಿಗೆ ಹೊಡೆಯಿತು. ಜಗಲಿಯ ಮೇಲಿದ್ದವರು ಮಾತು ನಿಲ್ಲಿಸಿ ನೋಡಿದರು. ಆಲೂಗೆಡ್ಡೆ ಮೂಟೆ ಇಳಿಸುತ್ತಿದ್ದವರೂ ನಿಂತರು. ತಲೆಗೆ ಬಟ್ಟೆ ಸುತ್ತಿಕೊಂಡು, ಹೊಟ್ಟೆ ಬಿಗಿದುಕೊಂಡು, ಕಾಲೆಳೆಯುತ್ತ ನಡೆಯುವ ತನ್ನ ರೂಪ ಭವ್ಯಶ್ರೀಗೆ ಹೊರಗಿನಿಂದ ಕಂಡಿತು. ನಾಚಿಕೆಯಾಯಿತು. ನಾಚಿಕೆಯ ಅಡಿಯಲ್ಲಿ, ಬಹಳ ದಿನದ ಮೇಲೆ, ತಾನು ಏನು ಮಾಡಬೇಕೆಂದು ಚೆನ್ನಾಗಿ ಗೊತ್ತಿರುವವಳ ನೆಮ್ಮದಿಯೂ ಇತ್ತು. ಕ್ಲಿನಿಕ್ಕಿನ ಬಾಗಿಲು ತೆಗೆಯುವಾಗ ಬೆಳಿಗ್ಗೆ ಬೆಳಿಗ್ಗೆ ಬರುತ್ತಿದ್ದ ನೆಮ್ಮದಿ ಅದು. ಹೆಜ್ಜೆ ನೆಟ್ಟಗಾಯಿತು.

ರಂಜಿತಾಳ ಕೋಣೆಯಲ್ಲಿ ಕಿಟಕಿ ಮುಚ್ಚಿತ್ತು, ಸಾಂಬ್ರಾಣಿ ಹೊಗೆ ಕಣ್ಣು ಉರಿಸುತ್ತಿತ್ತು. ಭವ್ಯಶ್ರೀ ಮೊದಲು ಕಿಟಕಿ ತೆಗೆಸಿದಳು. ಹುಡುಗಿಯ ಕೈ ಸುಡುತ್ತಿತ್ತು, ನಾಡಿ ಓಡುತ್ತಿತ್ತು, ನಾಲಗೆ ಒಣಗಿ ಬೆಳ್ಳಗಾಗಿತ್ತು. ಮಗುವಿನ ನೆತ್ತಿ ಮುಟ್ಟಿ ನೋಡಿದಳು, ಅಂಗಾಲು ತಟ್ಟಿದಳು. ಕಣ್ಣು ಬಿಟ್ಟಿತು, ತಡವಾಗಿಯಾದರೂ ಅತ್ತಿತು. ಆ ಅಳು ಕೇಳಿ ಅವಳಿಗೆ ಉಸಿರು ಬಂತು. ದೊಡ್ಡಯ್ಯ ಆಟೋ ತರಲು ಹೋಗಿದ್ದ. ಇದಕ್ಕೆ ನನ್ನ ಹತ್ತಿರ ಲೇಹ್ಯವಿಲ್ಲ, ಜ್ವರಕ್ಕೂ ಉರಿಗೂ ಆಸ್ಪತ್ರೆಯ ಔಷಧಿಯೇ ಬೇಕು, ಮಗುವನ್ನೂ ಅಲ್ಲೇ ತೋರಿಸಬೇಕು, ಒಂದು ಗಳಿಗೆಯೂ ತಡ ಬೇಡ ಎಂದು ಪುಟ್ಟತಾಯಮ್ಮನಿಗೆ ಬಿಡಿಸಿ ಹೇಳಿದಳು. ಬಾಣಂತಿಗೆ ನೀರು ಬೇಡವೆಂದು ಯಾವ ಆಯುರ್ವೇದದ ಗ್ರಂಥವೂ ಹೇಳಿಲ್ಲ, ಆಟೋ ಬರುವವರೆಗೆ ಗುಟುಕು ಗುಟುಕಾಗಿ ಕುಡಿಸು ಎಂದಳು. ಪುಟ್ಟತಾಯಮ್ಮ ಒಲೆಯ ಮೇಲಿದ್ದ ಬಿಸಿನೀರನ್ನು ಆರಿಸಿ ಚೊಂಬಿನಲ್ಲಿ, ಲೋಟದ ಸಮೇತ ತಂದಳು, ಇನ್ನೂ ಅನುಮಾನದಲ್ಲೇ. ಸುಬ್ಬಮ್ಮ ಮೊಮ್ಮಗಳನ್ನು ಎದೆಗೆ ಅವುಚಿಕೊಂಡು ಬಾಗಿಲಿಗೆ ಒರಗಿ ನಿಂತಿದ್ದಳು.

ರಂಜಿತಾ ಲೋಟದ ಕಡೆಗೆ ಕೈ ಚಾಚಲಿಲ್ಲ. ನೀರನ್ನು ನೋಡಿದಳು, ಅಮ್ಮನನ್ನು ನೋಡಿದಳು. ಆಮೇಲೆ, "ನೀವ್ ಕುಡೀರಿ ಮೊದ್ಲು," ಎಂದಳು. ದನಿ ಒಣ ಎಲೆಯಷ್ಟು ಸಣ್ಣಗಿತ್ತು.

ಭವ್ಯಶ್ರೀ ಲೋಟ ಎತ್ತಿ ಎಲ್ಲರೆದುರು ಕುಡಿದಳು. ಗಂಟಲಿನ ಸದ್ದು ಕೋಣೆಯಲ್ಲಿ ಕೇಳಿಸಿತು. ಮತ್ತೆ ತುಂಬಿಸಿ ರಂಜಿತಾಳ ಕೈಗಿಟ್ಟಳು. ಅವಳು ಹಿಡಿದುಕೊಂಡಳು, ಕುಡಿಯಲಿಲ್ಲ.

"ನೀವೂ ಇವತ್ತೇ ಕುಡೀತಿರೋದಾ ಅಕ್ಕ?"

ಹೂಂ ಎಂದರೆ ಸಾಕಿತ್ತು. ಇಬ್ಬರು ಬಾಣಂತಿಯರು ಒಂದೇ ದಿನ ಒಂದೇ ಚೊಂಬಿನಿಂದ ನೀರು ಕುಡಿದರು ಎಂದು ಊರು ಹೇಳಿಕೊಳ್ಳುತ್ತಿತ್ತು. ಮುಂದಿನ ಭಾಷಣದಲ್ಲಿ ತಾನೇ ಹೇಳಬಹುದಾಗಿತ್ತು, ಚಪ್ಪಾಳೆಯೂ ಬೀಳುತ್ತಿತ್ತು. ಅಮ್ಮನ ಮಾತೂ ಉಳಿಯುತ್ತಿತ್ತು. ಬಾಗಿಲಲ್ಲಿ ಸುಬ್ಬಮ್ಮ ನೆಲ ನೋಡುತ್ತಿದ್ದಳು. ಆದರೆ ಈ ಹುಡುಗಿ ನಾಳೆಯಿಂದ ಯಾರ ಮಾತು ನಂಬಬೇಕು? ತನ್ನ ಬಾಯಾರಿಕೆಯನ್ನೋ, ಡಾಕ್ಟರನ್ನೋ?

"ಇಲ್ಲ ರಂಜಿತಾ. ಬಂದ ಮಾರನೇ ದಿನದಿಂದ ಕುಡೀತಾ ಇದೀನಿ. ದಿನಾ. ಕದ್ದು."

ಪುಟ್ಟತಾಯಮ್ಮನ ಕೈ ಸೆರಗಿನ ಮೇಲೆ ಹಾಗೇ ನಿಂತಿತು. ರಂಜಿತಾ ಭವ್ಯಶ್ರೀಯ ತುಟಿಗಳನ್ನು ಬಹಳ ಹೊತ್ತು ನೋಡಿದಳು. ಆಮೇಲೆ ಲೋಟವನ್ನು ಬಾಯಿಗಿಟ್ಟು, ಗುಟುಕರಿಸುವ ಮಾತನ್ನೆಲ್ಲ ಬದಿಗಿಟ್ಟು, ಒಂದೇ ಉಸಿರಿಗೆ ಕುಡಿದಳು. ಗದ್ದದಿಂದ ಇಳಿದ ನೀರು ರವಿಕೆಯನ್ನು ನೆನೆಸಿತು. ಕುಡಿದು ಮುಗಿಸಿ ಗೋಡೆಯ ಕಡೆಗೆ ಹೊರಳಿ ಮಲಗಿದಳು. ಅವಳ ಭುಜ ಅಲುಗುತ್ತಿತ್ತು. ಭವ್ಯಶ್ರೀ ಕ್ಷಮಿಸು ಎಂದು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಆ ಕಡೆಯಿಂದ ಕೈಯೊಂದು ಹಿಂದಕ್ಕೆ ಬಂತು, ಖಾಲಿ ಲೋಟ ಹಿಡಿದು.

ಭವ್ಯಶ್ರೀ ತುಂಬಿಸಿ ಕೊಟ್ಟಳು. ರಂಜಿತಾ ಆಗಲೂ ಈ ಕಡೆ ನೋಡಲಿಲ್ಲ.